ಹುಡುಗರು ಯಾಕೆ ಸಾಯ್ತಿದ್ದಾರೆ ಅಂತ ಕೇಳಿದ ನೈಟಿಂಗೇಲ್

ಮೇ 12 ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಓಡಾಡತೊಡಗುತ್ತದೆ. ಅವತ್ತು ದಾದಿಯರ ದಿನ. ಮಂತ್ರಿಗಳು ನರ್ಸ್‌ಗಳಿಗೆ ಗುಲಾಬಿ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ, ತ್ಯಾಗ, ಕರುಣೆ, ಸೇವೆ ಅಂತ ಭಾಷಣ ಮಾಡುತ್ತಾರೆ. ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ನನಗೆ ಶಾಲೆಯಲ್ಲಿ ಹೇಳಿಕೊಟ್ಟದ್ದೂ ಅಷ್ಟೇ. ರಾತ್ರಿ ಹೊತ್ತು ದೀಪ ಹಿಡಿದುಕೊಂಡು ಗಾಯಾಳು ಸೈನಿಕರನ್ನು ನೋಡಿಕೊಂಡ ಪುಣ್ಯಾತಗಿತ್ತಿ.

ಇನ್ನೊಬ್ಬ ನೈಟಿಂಗೇಲ್ ನನಗೆ ಸಿಕ್ಕಿದ್ದು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ, ಡೇಟಾ ಬಗೆಗಿನ ಒಂದು ಪಾಠದಲ್ಲಿ. ಪರದೆಯ ಮೇಲೆ ಹೂವಿನ ಎಸಳುಗಳಂತೆ ಕಾಣುವ ಒಂದು ನಕ್ಷೆ ಇತ್ತು. ಹನ್ನೆರಡು ತಿಂಗಳಿಗೆ ಹನ್ನೆರಡು ಎಸಳು, ಪ್ರತಿ ಎಸಳಿಗೂ ಮೂರು ಬಣ್ಣ. ಅದನ್ನು ಪ್ರಕಟಿಸಿದ್ದು 1858ರಲ್ಲಿ, ಮಾಡಿದ್ದು ನೈಟಿಂಗೇಲ್ ಅಂದಾಗ ಕ್ಲಾಸಿನಲ್ಲಿ ಯಾರೂ ನಂಬಲಿಲ್ಲ. ಆ ಸೆಮಿಸ್ಟರಿನಲ್ಲೇ ನಮ್ಮ ಬ್ಯಾಚಿನ ಇಬ್ಬರು ತೀರಿಹೋದರು. ಒಬ್ಬ ಹೆದ್ದಾರಿಯಲ್ಲಿ, ಬೈಕಿನ ಮೇಲೆ. ಇನ್ನೊಬ್ಬ ಹಾಸ್ಟೆಲಿನಲ್ಲಿ, ತನ್ನ ಜೀವ ತಾನೇ ಕಳೆದುಕೊಂಡ. ಮರುದಿನದ ಪೇಪರಿನಲ್ಲಿ ಮೊದಲನೆಯವನ ಸಾವಿಗೆ ಅತಿವೇಗ ಕಾರಣ ಎಂದಿತ್ತು, ಎರಡನೆಯವನ ಸಾವಿಗೆ ವೈಯಕ್ತಿಕ ಕಾರಣ. ಕಾಲೇಜು ಒಂದು ನಿಮಿಷ ಮೌನ ಆಚರಿಸಿತು, ಅಲ್ಲಿಗೆ ಮುಗಿಯಿತು. ಇಬ್ಬರಿಗೂ ಇಪ್ಪತ್ತೊಂದು ವರ್ಷ.

ಆಮೇಲೆ ನಾನು ಎಂಜಿನಿಯರ್ ಆಗಲಿಲ್ಲ, ಪತ್ರಕರ್ತನಾದೆ. ಆದರೆ ಆ ನಕ್ಷೆ ತಲೆಯಿಂದ ಹೋಗಲಿಲ್ಲ. ಕಾರಣ, ನೈಟಿಂಗೇಲ್ ಲೆಕ್ಕ ಹಾಕಿದ್ದೂ ಇಪ್ಪತ್ತರ ಆಸುಪಾಸಿನ ಹುಡುಗರ ಸಾವನ್ನೇ. ಅವರ ಸಾವಿಗೂ ಆಗ ಹೀಗೇ ಸುಲಭದ ಕಾರಣಗಳನ್ನು ಬರೆದು ಮುಗಿಸುತ್ತಿದ್ದರು.

ಲೆಕ್ಕ ಇಷ್ಟಪಟ್ಟ ಶ್ರೀಮಂತರ ಮಗಳು

ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಅಪ್ಪ ಅಮ್ಮ ಇಂಗ್ಲೆಂಡಿನ ಸಿರಿವಂತರು, ಯುರೋಪ್ ಪ್ರವಾಸದಲ್ಲಿದ್ದರು. ಊರಿನ ಹೆಸರನ್ನೇ ಮಗುವಿಗಿಟ್ಟರು. ಡರ್ಬಿಶೈರ್‌ನಲ್ಲೊಂದು, ಹ್ಯಾಂಪ್‌ಶೈರ್‌ನಲ್ಲೊಂದು ಎಸ್ಟೇಟು. ಆ ವರ್ಗದ ಹೆಣ್ಣುಮಕ್ಕಳು ಪಿಯಾನೊ ನುಡಿಸಬೇಕು, ಕಸೂತಿ ಹಾಕಬೇಕು, ಒಳ್ಳೆ ಮನೆತನಕ್ಕೆ ಮದುವೆಯಾಗಿ ಹೋಗಬೇಕು. ಅಪ್ಪ ಮಾತ್ರ ಸ್ವಲ್ಪ ಬೇರೆ ಥರದವರು. ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ವಶಾಸ್ತ್ರ ತಾವೇ ಕಲಿಸಿದರು. ಗಣಿತ ಬೇಕು ಅಂತ ಫ್ಲಾರೆನ್ಸ್ ಮನೆಯಲ್ಲಿ ಹಟ ಹಿಡಿದು ಗೆದ್ದದ್ದು ಬೇರೆಯೇ ಕತೆ.

ದಾದಿಯಾಗುತ್ತೇನೆ ಅಂದಾಗ ಮನೆಯಲ್ಲಿ ರಾದ್ಧಾಂತವಾಯಿತು. ಆಗಿನ ಆಸ್ಪತ್ರೆಗಳಿಗೆ ಹೋಗುತ್ತಿದ್ದದ್ದು ಬಡವರು, ಉಳ್ಳವರಿಗೆ ಮನೆಗೇ ಡಾಕ್ಟರ್ ಬರುತ್ತಿದ್ದರು. ನರ್ಸ್ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ಮನೆಯವರು ವರ್ಷಗಟ್ಟಲೆ ತಡೆದರು. ಬಂದ ಸಂಬಂಧಗಳನ್ನು ಆಕೆ ಒಪ್ಪಲಿಲ್ಲ. ಬೆಳಗಿನ ಜಾವ ಎದ್ದು, ಮೇಣದಬತ್ತಿ ಬೆಳಕಿನಲ್ಲಿ ಆಸ್ಪತ್ರೆಗಳ ವರದಿಗಳನ್ನೂ ಅಂಕಿಅಂಶಗಳ ಕೋಷ್ಟಕಗಳನ್ನೂ ಓದುತ್ತಿದ್ದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಕೆಲ ತಿಂಗಳು ತರಬೇತಿ. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟಿನ ಒಂದು ಸಣ್ಣ ಆಸ್ಪತ್ರೆಯ ಉಸ್ತುವಾರಿ. ಆಗ ಆಕೆಗೆ ಮೂವತ್ತಮೂರು. ಇವತ್ತಿನ ಲೆಕ್ಕದಲ್ಲಿ ಮೊದಲ ಕೆಲಸಕ್ಕೆ ಸೇರಿದ್ದು ಅಂತಲೇ ಅನ್ನಿ.

ಯುದ್ಧದಲ್ಲಿ ಸತ್ತವರನ್ನು ಯುದ್ಧ ಕೊಂದಿರಲಿಲ್ಲ

1854ರಲ್ಲಿ ಬ್ರಿಟನ್, ಫ್ರಾನ್ಸ್, ತುರ್ಕಿ ಒಂದಾಗಿ ರಷ್ಯಾ ವಿರುದ್ಧ ಕ್ರಿಮಿಯಾದಲ್ಲಿ ಯುದ್ಧಕ್ಕಿಳಿದವು. ಗಾಯಾಳುಗಳನ್ನು ಹಡಗಿನಲ್ಲಿ ಕಪ್ಪು ಸಮುದ್ರ ದಾಟಿಸಿ ಇಸ್ತಾಂಬುಲ್‌ನ ಎದುರು ದಡದ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿನ ದುಃಸ್ಥಿತಿ ಪತ್ರಿಕೆಗಳಲ್ಲಿ ಬಂದು ಸರ್ಕಾರ ಮುಜುಗರಕ್ಕೀಡಾಯಿತು. ಯುದ್ಧ ಸಚಿವ ಸಿಡ್ನಿ ಹರ್ಬರ್ಟ್ ನೈಟಿಂಗೇಲರ ಪರಿಚಯದವರು. ಅವರ ಕೋರಿಕೆಯಂತೆ 38 ದಾದಿಯರೊಂದಿಗೆ ಹೊರಟ ಆಕೆ ನವೆಂಬರ್ ಮೊದಲ ವಾರದಲ್ಲಿ ಸ್ಕುಟಾರಿ ತಲುಪಿದರು.

ಅದೊಂದು ಬ್ಯಾರಕ್. ಅದನ್ನೇ ಆಸ್ಪತ್ರೆ ಮಾಡಿದ್ದರು. ಹಾಸಿಗೆ ಸಾಲದು, ಬಟ್ಟೆಯಿಲ್ಲ, ಅಡುಗೆಗೆ ಪಾತ್ರೆಯಿಲ್ಲ. ನೈಟಿಂಗೇಲ್ ಅಡುಗೆಮನೆ ಸರಿಮಾಡಿಸಿದರು, ಬಟ್ಟೆ ಒಗೆಯಲು ವ್ಯವಸ್ಥೆ ಮಾಡಿದರು, ಸಾರ್ವಜನಿಕ ದೇಣಿಗೆಯ ಹಣದಲ್ಲಿ ಅಂಗಿ, ಚಮಚ, ಸೋಪು ಕೊಳ್ಳುತ್ತಾ ಹೋದರು. ರಾತ್ರಿ ದೀಪ ಹಿಡಿದು ವಾರ್ಡ್ ಸುತ್ತಿದ್ದೂ ನಿಜ. ಪತ್ರಿಕೆಗಳು ಆ ಚಿತ್ರವನ್ನು ಮನೆಮನೆಗೆ ಮುಟ್ಟಿಸಿದವು.

ಆದರೂ ಸಾವು ಕಡಿಮೆಯಾಗಲಿಲ್ಲ. ಆಕೆ ಬಂದ ಮೇಲೆ ಆ ಚಳಿಗಾಲದಲ್ಲಿ ಇನ್ನೂ ಹೆಚ್ಚಾಯಿತು. ಶಾಲೆಯ ಪಾಠದಲ್ಲಿ ನಮಗೆ ಯಾರೂ ಹೇಳದ ಸಂಗತಿ ಇದು. 1855ರ ಮಾರ್ಚ್‌ನಲ್ಲಿ ಲಂಡನ್ನಿಂದ ನೈರ್ಮಲ್ಯ ಆಯೋಗವೊಂದು ಬಂತು. ಆಸ್ಪತ್ರೆಯ ಅಡಿಯಲ್ಲೇ ಚರಂಡಿ ಕಟ್ಟಿಕೊಂಡು ಕೊಳೆಯುತ್ತಿತ್ತು, ನೀರು ಬರುವ ದಾರಿಯಲ್ಲಿ ಸತ್ತ ಪ್ರಾಣಿಗಳಿದ್ದವು. ಚರಂಡಿ ತೊಳೆಸಿದರು, ನೀರಿನ ದಾರಿ ಶುಚಿ ಮಾಡಿಸಿದರು, ಗಾಳಿಯಾಡಲು ಕಿಂಡಿ ತೆಗೆಸಿದರು, ಗೋಡೆಗೆ ಸುಣ್ಣ ಹೊಡೆಸಿದರು. ಕೆಲವೇ ತಿಂಗಳಲ್ಲಿ ಸಾವಿನ ಪ್ರಮಾಣ ಪಾತಾಳಕ್ಕಿಳಿಯಿತು.

ಆ ಹೊತ್ತಿನಲ್ಲಿ ನೈಟಿಂಗೇಲರಿಗೂ ಇದರ ಪೂರ್ತಿ ಅರ್ಥ ಆಗಿರಲಿಲ್ಲ. ಹುಡುಗರು ಅಪೌಷ್ಟಿಕತೆ, ದಣಿವು, ಚಳಿಯಿಂದ ಬಸವಳಿದು, ಉಳಿಸಲಾಗದ ಸ್ಥಿತಿಯಲ್ಲಿ ಬರುತ್ತಿದ್ದಾರೆ ಅಂತಲೇ ಆಕೆ ಅಂದುಕೊಂಡಿದ್ದರು. 1856ರಲ್ಲಿ ಯುದ್ಧ ಮುಗಿದು, ಮೆರವಣಿಗೆ ಸ್ವಾಗತ ತಪ್ಪಿಸಿಕೊಳ್ಳಲು ಸುಳ್ಳು ಹೆಸರಿನಲ್ಲಿ ಪ್ರಯಾಣ ಮಾಡಿ ಊರಿಗೆ ಬಂದರು. ಆಮೇಲೆ ಕಾಗದಪತ್ರ ಹರವಿಕೊಂಡು ಕೂತರು.

ಜೊತೆಗೆ ಕೂತದ್ದು ವಿಲಿಯಂ ಫಾರ್. ಇಂಗ್ಲೆಂಡಿನಲ್ಲಿ ಜನನ ಮರಣ ನೋಂದಣಿ ಶುರುವಾದದ್ದು 1837ರಲ್ಲಿ. ಆ ಕಚೇರಿಯಲ್ಲಿ ಸಾವಿನ ಕಾರಣಗಳನ್ನು ವರ್ಗೀಕರಿಸಿ ಕೋಷ್ಟಕ ಮಾಡುತ್ತಿದ್ದವರು ಫಾರ್. ಇವತ್ತು ಜಗತ್ತಿನ ಎಲ್ಲ ಆಸ್ಪತ್ರೆಗಳು ಬಳಸುವ ರೋಗಗಳ ಅಂತರರಾಷ್ಟ್ರೀಯ ಪಟ್ಟಿಯ ಬೇರು ಅವರ ಕೆಲಸದಲ್ಲಿದೆ. ಇಬ್ಬರೂ ಸೇರಿ ಸೈನ್ಯದ ದಾಖಲೆಗಳನ್ನು ತಿಂಗಳು ತಿಂಗಳಿಗೆ ಬಿಡಿಸಿದರು.

1855ರ ಜನವರಿಯನ್ನೇ ತಗೊಳ್ಳಿ. ಆ ಒಂದು ತಿಂಗಳಲ್ಲಿ ಗಾಯದಿಂದ ಸತ್ತವರು 83. ಇತರ ಕಾರಣಗಳಿಂದ 324. ಕಾಲರಾ, ಭೇದಿ, ಟೈಫಸ್‌ನಂಥ ತಡೆಯಬಹುದಾದ ರೋಗಗಳಿಂದ 2,761. ಇದ್ದ ಸೈನ್ಯ ಸುಮಾರು 32 ಸಾವಿರ. ಅದೇ ವೇಗದಲ್ಲಿ ಒಂದು ವರ್ಷ ಸಾವು ನಡೆದಿದ್ದರೆ ಇಡೀ ಸೈನ್ಯವೇ ಇರುತ್ತಿರಲಿಲ್ಲ, ಅದೂ ರಷ್ಯನ್ನರು ಒಂದು ಗುಂಡನ್ನೂ ಹಾರಿಸದೆ. ನಾನು ಕ್ಲಾಸಿನಲ್ಲಿ ನೋಡಿದ ನಕ್ಷೆ ಇದೇ. ಗಾಯಕ್ಕೆ ಕೆಂಪು, ಇತರೆಗೆ ಕಪ್ಪು, ತಡೆಯಬಹುದಾಗಿದ್ದ ಸಾವುಗಳಿಗೆ ನೀಲಿ. ಕೆಂಪನ್ನು ಹುಡುಕಿ ನೋಡಬೇಕು, ಉಳಿದದ್ದೆಲ್ಲ ನೀಲಿ.

ತಾನೇ ನಡೆಸಿದ ಆಸ್ಪತ್ರೆಯ ಕಟ್ಟಡವೇ ಹುಡುಗರನ್ನು ಕೊಂದಿತ್ತು ಅಂತ ಲೆಕ್ಕ ಹೇಳುತ್ತಿತ್ತು. ಆಕೆ ಅದನ್ನು ಮುಚ್ಚಿಡಲಿಲ್ಲ. ದೇಶವೇ ದೇವತೆ ಅಂತ ಕೊಂಡಾಡುತ್ತಿದ್ದಾಗ ಕೂತು, ಆ ಹೊಗಳಿಕೆಯನ್ನೇ ಅಲುಗಾಡಿಸುವ ವರದಿ ಬರೆದರು. ನನಗೆ ದೀಪಕ್ಕಿಂತ ದೊಡ್ಡದಾಗಿ ಕಾಣುವುದು ಇದು.

ಒಂದೇ ವಯಸ್ಸು, ಎರಡು ಲೆಕ್ಕ

ಯುದ್ಧದಲ್ಲಿ ಜನ ಸಾಯುತ್ತಾರೆ ಬಿಡಿ ಅನ್ನಬಹುದು. ಹಾಗಂತ ಅಂದವರಿಗೆ ನೈಟಿಂಗೇಲ್ ಕೊಟ್ಟ ಉತ್ತರ ಇನ್ನೊಂದು ಕೋಷ್ಟಕ. ಯುದ್ಧವೇ ಇಲ್ಲದಾಗ, ಇಂಗ್ಲೆಂಡಿನ ಬ್ಯಾರಕ್‌ಗಳಲ್ಲಿ ಆರಾಮಾಗಿದ್ದ ಸೈನಿಕರನ್ನು ಅದೇ ವಯಸ್ಸಿನ ಸಾಮಾನ್ಯ ಗಂಡಸರ ಪಕ್ಕ ಇಟ್ಟರು. 20ರಿಂದ 25ರ ವಯಸ್ಸಿನಲ್ಲಿ ಊರಿನ ಗಂಡಸರಲ್ಲಿ ವರ್ಷಕ್ಕೆ ಸಾವಿರಕ್ಕೆ 8.4 ಸಾವು. ಸೈನಿಕರಲ್ಲಿ 17. ಹೆಚ್ಚುಕಡಿಮೆ ಎರಡು ಪಟ್ಟು. ಸೈನ್ಯಕ್ಕೆ ಸೇರಿಸಿಕೊಳ್ಳುವಾಗ ವೈದ್ಯಕೀಯ ತಪಾಸಣೆ ಮಾಡಿ ಗಟ್ಟಿಮುಟ್ಟಾದವರನ್ನೇ ಆರಿಸುತ್ತಿದ್ದರು ಅನ್ನೋದನ್ನು ನೆನಪಿಡಿ. ಆರೋಗ್ಯವಂತರನ್ನು ಆರಿಸಿ ತಂದು, ಎರಡು ಪಟ್ಟು ಸಾಯಿಸುತ್ತಿದ್ದರು.

ಕುಡಿತ, ದುರಭ್ಯಾಸ, ಕೆಳವರ್ಗದ ಹುಡುಗರ ನಡತೆ ಅಂತ ಹೇಳುವವರು ಆಗಲೂ ಇದ್ದರು. ನೈಟಿಂಗೇಲ್ ತೋರಿಸಿದ್ದು ಕಿಕ್ಕಿರಿದ ಮಲಗುವ ಕೋಣೆ, ಗಾಳಿಯಿಲ್ಲದ ಕಟ್ಟಡ, ಕೊಳೆತ ಚರಂಡಿ, ಕೆಟ್ಟ ಊಟ. ವಯಸ್ಸು ಒಂದೇ, ದೇಶ ಒಂದೇ, ವಾಸದ ಜಾಗ ಮಾತ್ರ ಬೇರೆ, ಹಾಗಾದರೆ ಕೊಲ್ಲುತ್ತಿರುವುದು ಆ ಜಾಗ. ಜಾಗಕ್ಕೆ ಒಬ್ಬ ಯಜಮಾನ ಇರುತ್ತಾನೆ, ಬಜೆಟ್ ಇರುತ್ತದೆ, ಸಹಿ ಹಾಕಿದ ಅಧಿಕಾರಿ ಇರುತ್ತಾನೆ. ಆಕೆಯ ರಾಜಕೀಯ ಪೂರ್ತಿ ಇಷ್ಟರಲ್ಲಿದೆ ಅಂತ ನನಗನಿಸುತ್ತದೆ.

1857ರಲ್ಲಿ ರಾಯಲ್ ಕಮಿಷನ್ ರಚನೆಯಾಯಿತು. ಹೆಂಗಸಾದ್ದರಿಂದ ಆಕೆ ಸದಸ್ಯೆಯಾಗುವಂತಿರಲಿಲ್ಲ. ಅಧ್ಯಕ್ಷತೆ ಹರ್ಬರ್ಟ್ ಅವರದು, ಅಂಕಿಅಂಶ, ಪ್ರಶ್ನೆಗಳ ಪಟ್ಟಿ, ವರದಿಯ ಬಹುಪಾಲು ತಯಾರಿ ನೈಟಿಂಗೇಲರದು. ಕ್ರಿಮಿಯಾದಲ್ಲಿ ತಗುಲಿದ ಜ್ವರ ಆಕೆಯನ್ನು ದಶಕಗಳ ಕಾಲ ಬಿಡಲಿಲ್ಲ. ಹಾಸಿಗೆ, ಸೋಫಾ ಮೇಲಿಂದಲೇ ಮಂತ್ರಿಗಳಿಗೆ ಕಾಗದ ಬರೆದು ಬರೆದು ಕೆಲಸ ಮಾಡಿಸಿದರು. 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆಕೆಯನ್ನು ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. 1861ರ ಜನಗಣತಿಯಲ್ಲಿ ಜನರ ಕಾಯಿಲೆ ಮತ್ತು ಮನೆಯ ಸ್ಥಿತಿ ಬಗ್ಗೆಯೂ ಪ್ರಶ್ನೆ ಸೇರಿಸಿ ಅಂತ ಒತ್ತಾಯಿಸಿದರು. ಸರ್ಕಾರ ಒಪ್ಪಲಿಲ್ಲ. ಯಾವ ಪ್ರಶ್ನೆ ಕೇಳಬಾರದು ಅಂತ ನಿರ್ಧರಿಸುವುದೂ ಅಧಿಕಾರವೇ.

ಮುಂದೆ ತಾಯಂದಿರ ಸಾವಿನ ಲೆಕ್ಕಕ್ಕೂ ಕೈಹಾಕಿದರು. ತನ್ನ ನಿಧಿಯ ಬೆಂಬಲದಿಂದಲೇ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಹೆರಿಗೆ ವಾರ್ಡಿನಲ್ಲಿ ಬಾಣಂತಿಯರು ಸೋಂಕಿನಿಂದ ಸಾಯತೊಡಗಿದಾಗ 1867ರಲ್ಲಿ ಅದು ಮುಚ್ಚಿತು. ಆಮೇಲೆ ಅಂಕಿಅಂಶ ಕಲೆಹಾಕಿ 1871ರಲ್ಲಿ ಪುಸ್ತಕ ಬರೆದರು. ಮನೆಯಲ್ಲಿ ಹೆತ್ತವರಿಗಿಂತ ದೊಡ್ಡ ಹೆರಿಗೆ ಆಸ್ಪತ್ರೆಗಳಲ್ಲಿ ಹೆತ್ತವರು ಹೆಚ್ಚು ಸಾಯುತ್ತಿದ್ದರು. ವಿಧಾನ ಮತ್ತೆ ಅದೇ, ಒಂದೇ ವಯಸ್ಸಿನ ಹೆಂಗಸರು, ಬೇರೆ ಬೇರೆ ಜಾಗ.

ಹಲಸೂರು ಕೆರೆಯವರೆಗೆ ಬಂದ ಪ್ರಶ್ನಾವಳಿ

ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ನಾಲ್ಕು ದಶಕ ಭಾರತದ ಬಗ್ಗೆ ಬರೆದರು. 1859ರಲ್ಲಿ ಇಲ್ಲಿನ ಸೈನ್ಯದ ಆರೋಗ್ಯದ ಬಗ್ಗೆ ಇನ್ನೊಂದು ರಾಯಲ್ ಕಮಿಷನ್ ಆಯಿತು. ಪ್ರತಿ ದಂಡು ಪ್ರದೇಶಕ್ಕೂ ಪ್ರಶ್ನಾವಳಿ ಹೋಯಿತು. ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ಒಬ್ಬನಿಗೆ ಎಷ್ಟು ಜಾಗ. ಉತ್ತರ ಕೊಟ್ಟವುಗಳಲ್ಲಿ ಬೆಂಗಳೂರು ದಂಡೂ ಒಂದು. ಕುಡಿಯುವ ನೀರಿನ ಹಲಸೂರು ಕೆರೆಗೆ ಪೇಟೆಯ ಕೊಳಚೆ ಸೇರುತ್ತಿದ್ದ ವಿಷಯ ಆಕೆಯ ಟಿಪ್ಪಣಿಗಳಲ್ಲಿ ಬರುತ್ತದೆ. ನೂರಅರವತ್ತು ವರ್ಷದ ಮೇಲೂ ಬೆಂಗಳೂರಿನ ಕೆರೆಗಳ ಸುದ್ದಿ ಇದೇ ಥರ ಇದೆ, ಅದಿರಲಿ.

ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯುತ್ತಿದ್ದರು. ಇಲ್ಲಿನ ಹವೆಯೇ ಹಾಗೆ ಅಂತ ಎಲ್ಲರೂ ಒಪ್ಪಿಕೊಂಡಿದ್ದರು. ಹವೆಯ ಮೇಲೆ ಹಾಕಬೇಡಿ, ಚರಂಡಿ ನೋಡಿ ಅಂತ ಆಕೆ ವಾದಿಸಿದರು. 1874ರ ಹೊತ್ತಿಗೆ ಆಕೆಯೇ ಬರೆದಂತೆ ಆ ಸಂಖ್ಯೆ 18ಕ್ಕೆ ಇಳಿದಿತ್ತು. ಹವೆ ಬದಲಾಗಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಸುಧಾರಣೆ ಶುರುವಾದದ್ದು ಬಿಳಿಯ ಸೈನಿಕರನ್ನು ಉಳಿಸಲು. ದಂಡಿನ ಬೇಲಿಯಾಚೆ ಸಾಯುತ್ತಿದ್ದ ನಮ್ಮವರ ಲೆಕ್ಕ ಸಾಮ್ರಾಜ್ಯಕ್ಕೆ ಆಮೇಲಿನದು. ನೈಟಿಂಗೇಲ್ ಕೂಡ ಸಾಮ್ರಾಜ್ಯವನ್ನು ಸರಿಪಡಿಸಬಹುದು ಅಂತ ನಂಬಿದ್ದವರೇ ಹೊರತು ಅದು ಬೇಡ ಅಂದವರಲ್ಲ. ಸೋಂಕು ಹೇಗೆ ಹರಡುತ್ತದೆ ಅನ್ನೋ ವಿಷಯದಲ್ಲೂ ಬಹುಕಾಲ ಹಳೆಯ ನಂಬಿಕೆಗೇ ಅಂಟಿಕೊಂಡಿದ್ದರು. ಆದರೆ ಲೆಕ್ಕದ ಜೊತೆ ಹೋಗುತ್ತಾ ಹೋಗುತ್ತಾ ಆಕೆಯ ಪ್ರಶ್ನೆಗಳು ಬೆಳೆದವು. 1876ರಿಂದ 78ರ ಬರಗಾಲದಲ್ಲಿ ಮದ್ರಾಸ್ ಪ್ರಾಂತ್ಯ, ನಮ್ಮ ಮೈಸೂರು ಸೀಮೆ ಎಲ್ಲ ಹೆಣಗಳ ರಾಶಿಯಾದಾಗ ಆಕೆ ನೀರಾವರಿ, ಜಮೀನಿನ ಹಕ್ಕು, ಸಾಲದ ಬಗ್ಗೆ ಬರೆಯತೊಡಗಿದರು. ಹಸಿವಿನಿಂದ ಸಾಯುವವರಿಗೂ ಒಂದು ಕಾರಣ ಇದೆ, ಅದು ಬರೀ ಮಳೆಯಲ್ಲ ಅನ್ನೋ ತಿಳುವಳಿಕೆಗೆ ಬಂದರು. 1910ರ ಆಗಸ್ಟ್ 13ರಂದು, ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ನೀಲಿ ಎಸಳುಗಳು

ಈಗ ನಮ್ಮ ಕಾಲಕ್ಕೆ ಬನ್ನಿ. ಜಗತ್ತಿನಲ್ಲಿ 5ರಿಂದ 29 ವರ್ಷದವರನ್ನು ಅತಿ ಹೆಚ್ಚು ಕೊಲ್ಲುವುದು ರಸ್ತೆ ಅಪಘಾತ ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಗಳಿಂದ ಹೇಳುತ್ತಿದೆ. 15ರಿಂದ 29ರವರಲ್ಲಿ ಆತ್ಮಹತ್ಯೆಯೂ ಮೊದಲ ಕೆಲವು ಕಾರಣಗಳಲ್ಲೊಂದು. ಭಾರತದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491. ಅದೇ ವರ್ಷ ಆತ್ಮಹತ್ಯೆ ಎಂದು ದಾಖಲಾದ ಸಾವುಗಳು 1,70,924. ಅದರಲ್ಲಿ 13 ಸಾವಿರಕ್ಕೂ ಹೆಚ್ಚು ಜನ ವಿದ್ಯಾರ್ಥಿಗಳು. ಎರಡೂ ಪಟ್ಟಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 18ರಿಂದ 45ರೊಳಗಿನವರು. ಹಳೆಯ ಕಾಯಿಲೆಗಳು ಕಡಿಮೆಯಾದಷ್ಟೂ ಹರೆಯದವರ ಸಾವಿನಲ್ಲಿ ಈ ಎರಡರ ಪಾಲು ಎದ್ದು ಕಾಣುತ್ತಿದೆ. ಎರಡೂ ನೈಟಿಂಗೇಲರ ನೀಲಿ ಬಣ್ಣದಲ್ಲಿ ಬರುವಂಥವು.

ನಾವು ಎಣಿಸುವ ರೀತಿ ನೋಡಿ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ. 22.5 ಮಾತ್ರ. ಪ್ರಮಾಣೀಕರಿಸಿದ ಕಡೆಯೂ ಹೃದಯ ನಿಂತು ಸಾವು ಅಂತ ಬರೆದು ಕೈತೊಳೆದುಕೊಳ್ಳುವುದು ಸಾಮಾನ್ಯ. ಸತ್ತ ಎಲ್ಲರ ಹೃದಯವೂ ನಿಂತಿರುತ್ತದಲ್ಲ, ಅದು ಕಾರಣ ಹೇಗಾಗುತ್ತದೆ? 2010ರಲ್ಲಿ ಪೊಲೀಸ್ ದಾಖಲೆಯ ಪ್ರಕಾರ ಆತ್ಮಹತ್ಯೆಗಳು 1.34 ಲಕ್ಷ. ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿದ ಮಿಲಿಯನ್ ಡೆತ್ ಸ್ಟಡಿಯ ಅಂದಾಜು ಸುಮಾರು 1.87 ಲಕ್ಷ. ನಡುವಿನ ಐವತ್ತು ಸಾವಿರ ಜನ ಮನೆಯವರ ಅವಮಾನದಲ್ಲಿ, ಕೇಸಿನ ಭಯದಲ್ಲಿ, ಪಟ್ಟಿಯಿಂದಲೇ ಮಾಯವಾಗಿದ್ದರು.

ಲೆಕ್ಕಕ್ಕೆ ಸಿಕ್ಕವರಿಗೂ ನಾವು ಬರೆಯುವ ಕಾರಣ ಅತಿವೇಗ, ಪರೀಕ್ಷೆ ಭಯ, ಪ್ರೇಮ ವೈಫಲ್ಯ, ವೈಯಕ್ತಿಕ. ಎಲ್ಲವೂ ಸತ್ತವನ ತಲೆಗೇ. ರಸ್ತೆ ಬದಿಯ ಲಾರಿ, ದೀಪವಿಲ್ಲದ ತಿರುವು, ಹೊತ್ತಿಗೆ ಬಾರದ ಆಂಬುಲೆನ್ಸ್ ಯಾವ ಕಾಲಮ್ಮಿನಲ್ಲೂ ಇಲ್ಲ. ಹಾಸ್ಟೆಲಿನ ಜಾತಿ, ಕೋಚಿಂಗಿನ ಸಾಲ, ಕಾಲೇಜಿನಲ್ಲಿ ಒಬ್ಬ ಕೌನ್ಸೆಲರೂ ಇಲ್ಲದಿರುವುದು ಕೂಡ. ಸ್ವೀಡನ್ 1997ರಲ್ಲಿ ರಸ್ತೆ ಸಾವು ಶೂನ್ಯವಾಗಬೇಕು ಅಂತ ಸಂಸತ್ತಿನಲ್ಲೇ ತೀರ್ಮಾನಿಸಿತು. ಮನುಷ್ಯ ತಪ್ಪು ಮಾಡೇ ಮಾಡುತ್ತಾನೆ, ಆ ತಪ್ಪಿಗೆ ಜೀವ ಹೋಗದಂತೆ ರಸ್ತೆ ಕಟ್ಟುವುದು ಕಟ್ಟುವವನ ಹೊಣೆ ಅಂತ ಒಪ್ಪಿಕೊಂಡಿತು. ನಮ್ಮ ರಾಜ್ಯ ಎಸ್ಸೆಸ್ಸೆಲ್ಸಿ, ಪಿಯುಸಿಗೆ 2023-24ರಲ್ಲಿ ಮೂರು ಪರೀಕ್ಷೆಗಳ ಅವಕಾಶ ಕೊಟ್ಟಿತು. ಒಂದು ಪರೀಕ್ಷೆ ಕೈಕೊಟ್ಟರೆ ಒಂದು ವರ್ಷವೇ ಹೋಯಿತು ಅನ್ನುವ ಸ್ಥಿತಿ ತಪ್ಪಿಸುವ ಇಂಥದ್ದೂ ಚರಂಡಿ ತೊಳೆಯುವ ಕೆಲಸವೇ. ಅದರ ಫಲ ನೋಡಲು ಅದಕ್ಕೂ ಮುಂಚಿನ ಮತ್ತು ಆಮೇಲಿನ ವರ್ಷಗಳನ್ನು ಪಕ್ಕಪಕ್ಕ ಇಟ್ಟು ಪ್ರಕಟಿಸಬೇಕು.

ನಮ್ಮ ಬ್ಯಾಚಿನ ಆ ಇಬ್ಬರ ಬಗ್ಗೆ ಕಾಲೇಜು ಯಾವ ವರದಿಯನ್ನೂ ಮಾಡಲಿಲ್ಲ. ನಾವೂ ಕೇಳಲಿಲ್ಲ. ಹಿಂದಿನ ಐದು ಬ್ಯಾಚುಗಳಲ್ಲಿ ಎಷ್ಟು ಜನ ಸತ್ತರು, ಎಲ್ಲಿ, ಯಾವ ತಿಂಗಳಲ್ಲಿ, ಪಕ್ಕದ ಕಾಲೇಜಿನಲ್ಲಿ ಎಷ್ಟು ಅಂತ ಕೇಳಬಹುದಿತ್ತು. ಲೆಕ್ಕ ಕಲಿಯುತ್ತಿದ್ದ ಅರವತ್ತು ಜನ ಆ ಕ್ಲಾಸಿನಲ್ಲಿ ನಕ್ಷೆ ನೋಡುತ್ತಾ ಕೂತಿದ್ದೆವು, ಒಬ್ಬರಿಗೂ ಹೊಳೆಯಲಿಲ್ಲ. ನೀವು ಈಗ ಕ್ಯಾಂಪಸ್ಸಿನಲ್ಲಿದ್ದರೆ ಕೇಳಿ. ಆರ್‌ಟಿಐ ಇದೆ, ವಿದ್ಯಾರ್ಥಿ ಸಂಘಟನೆಗಳಿವೆ. ಮೌನಾಚರಣೆ ಮಾಡಿ, ಆಮೇಲೆ ಪಟ್ಟಿ ಕೇಳಿ.

ಇದನ್ನು ಓದುತ್ತಾ ನಿಮಗೇ ಬದುಕು ಭಾರ ಅನಿಸುತ್ತಿದ್ದರೆ ಅಥವಾ ಅಂಥ ಗೆಳೆಯರು ನೆನಪಾದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದಿನದ ಯಾವ ಹೊತ್ತಿಗಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ.